ಅರ್ಧ ಕೆಡವಿದ ಹೊಗೆಗೂಡು

"ಕಂಬ ಎಲ್ಲಿ ಹೋತ್ರಿ ಅಕ್ಕಾರ?"

ಹೆಂಚು ಕೈಯಾಡಿಸಲು ಬಂದಿದ್ದ ಗೌಂಡಿ ಕೇಳಿದ್ದು ಇಷ್ಟೇ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. ನಾನು ಕೊಟ್ಟ ನೀರಿನ ತಂಬಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಒಂದು ಸಲ ಹೊಸ ಫ್ರಿಜ್ಜಿನ ಕಡೆ, ಇನ್ನೊಂದು ಸಲ ಅದರ ಮೇಲಿನ ಹಲಗೆಯ ಕಡೆ ನೋಡಿದ. ನಾನು ನಗುತ್ತಲೇ ಹೇಳಿದೆ: "ತಗದು ಒಗದೇನಿ. ಫ್ರಿಜ್ಜಿನ ಬಾಗಿಲಕ್ಕ ಅಡ್ಡ ಆಗ್ತಿತ್ತು."

ಆತನ ಮುಖದ ಕಳೆಯೇ ಹೋಯಿತು. ತಂಬಿಗೆಯನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ. "ಕೂಸಿನ್ನ ಹೊರಗ ಕರೀರಿ. ಗ್ಯಾಸ್ ಬಂದ್ ಮಾಡ್ರಿ. ಬಾಗಿಲ ಬಡೀಬ್ಯಾಡ್ರಿ, ಸಾವಕಾಶ ಬರ್ರಿ," ಅಂದ.

ಮಗಳು ಫ್ರಿಜ್ಜಿನ ಪಕ್ಕದಲ್ಲಿ ಮಣೆಯ ಮೇಲೆ ಕೂತು ಏಳರ ಮಗ್ಗಿ ಬರೆಯುತ್ತಿದ್ದಳು. ಯಾರಾದರೂ ಕೂಗಾಡಿದರೆ ನನಗೆ ಸಿಟ್ಟು ಬರುತ್ತದೆ, ಹೆದರಿಕೆ ಬರುವುದಿಲ್ಲ. ಆದರೆ ಈ ಮನುಷ್ಯ ಮಲಗಿದವರನ್ನು ಎಬ್ಬಿಸಬಾರದು ಅನ್ನುವ ಹಾಗೆ ಪಿಸುಗುಟ್ಟಿದ್ದು ಕೇಳಿ ಹೆದರಿದೆ. ಏನು ಎತ್ತ ಅಂತ ಕೇಳದೆ ಮಗಳ ರಟ್ಟೆ ಹಿಡಿದು ಎಬ್ಬಿಸಿದೆ. ಅವಳು "ಇನ್ನ ಮೂರ ಸಾಲ ಅದಾವವ್ವಾ" ಅನ್ನುತ್ತಲೇ ಇದ್ದಳು. ಇಬ್ಬರೂ ಅಂಗಳಕ್ಕೆ ಬಂದೆವು.

ಇದು ನಡೆದದ್ದು ಎರಡು ಸಾವಿರದ ಏಳರ ಮೇ ತಿಂಗಳ ಕೊನೆಗೆ, ಬ್ಯಾಡಗಿಯ ನಮ್ಮ ಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನನ್ನ ತವರು ಹಾವೇರಿ. ಸೊಸೆಯಾಗಿ ಬ್ಯಾಡಗಿಗೆ ಬಂದು ಆಗ ಎಂಟು ವರ್ಷವಾಗಿತ್ತು. ದಿನಾ ರಾಣೆಬೆನ್ನೂರಿಗೆ ಹೋಗಿ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ಗಂಡ, ನಾನು, ಮಗಳು. ಮನೆ ಮಾತ್ರ ನಲವತ್ತು ಜನರ ಸಂಸಾರಕ್ಕೆ ಕಟ್ಟಿಸಿದಂಥದ್ದು. ಯಾವ ಕಾಲದಲ್ಲೋ ಮೆಣಸಿನಕಾಯಿ ವ್ಯಾಪಾರದಲ್ಲಿ ಕೈ ಕುದುರಿದ್ದ ಗಂಡನ ಅಜ್ಜ ಕಟ್ಟಿಸಿದ್ದರಂತೆ. ಕೆಳಗೆ ಮೊಳದಗಲದ ಗೋಡೆ, ಮೇಲೆ ಚೀಲ ಪೇರಿಸಲು ಒಂದು ದೊಡ್ಡ ಕೋಣೆ, ಅದರ ಮೇಲೆ ಹೆಂಚು.

ಆ ಮನೆಗೆ ಒಂದು ಹೊಗೆಗೂಡಿತ್ತು. ಗೋಡೆಯ ಈಚೆಗೆ ಅಡುಗೆಯ ಒಲೆ, ಆಚೆಗೆ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಯ ಒಲೆ. ಎರಡರ ಹೊಗೆಯೂ ಇಟ್ಟಂಗಿಯ ಒಂದೇ ಗೂಡಿನಲ್ಲಿ ಸೇರಿ, ಮೇಲಿನ ಕೋಣೆಯನ್ನು ದಾಟಿ, ಹೆಂಚಿನಾಚೆ ಆಳೆತ್ತರಕ್ಕೆ ಹೋಗುತ್ತಿತ್ತು. ಒಬ್ಬ ಮನುಷ್ಯ ಆರಾಮಾಗಿ ಒಳಗೆ ನಿಲ್ಲಬಹುದಾದಷ್ಟು ದಪ್ಪ. ನಾನು ಮದುವೆಯಾಗಿ ಬಂದಾಗ ಅದರ ಹೊಟ್ಟೆ ಕಟ್ಟಿಕೊಂಡು ಹೊಗೆಯೆಲ್ಲ ಅಡುಗೆಮನೆಗೇ ವಾಪಸು ಬರುತ್ತಿತ್ತು. ಬ್ಯಾಡಗಿಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ ಮೇಲೆ ಆ ಹೊಗೆ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಹೊಸ ಮದುಮಗಳು ತವರು ನೆನೆದು ಅಳುತ್ತಾಳೆ ಅಂತ ಓಣಿಯವರು ಮಾತಾಡಿಕೊಂಡರು. ನಾನು ಅತ್ತದ್ದು ಘಾಟಿಗೆ.

ಎರಡು ಸಾವಿರದ ಇಸವಿಯಲ್ಲಿ ಗ್ಯಾಸ್ ಬಂತು. ಇನ್ನು ಆ ಗೂಡು ಯಾಕೆ, ಒಡೆಸಿ ಕಟ್ಟೆ ಕಟ್ಟಿಸೋಣ ಅಂತ ತೀರ್ಮಾನವಾಯಿತು. ಕದರಮಂಡಲಗಿಯ ಕಡೆಯ ಈ ಗೌಂಡಿಯನ್ನು ಕರೆಸಿದೆವು. ಮುಸ್ಲಿಮರಾತ, ನಡುವಯಸ್ಸಿನವನು, ನಮ್ಮ ಮನೆಯ ಹೆಂಚು ಕೈಯಾಡಿಸುವ ಕೆಲಸ ಅವನ ತಂದೆಯ ಕಾಲದಿಂದ ಅವರದೇ. ಮೇಲಿನಿಂದ ಇಳಿಸಿಕೊಂಡು ಬರಬೇಕು ಅಂತ ಆತ ಅಂದನಂತೆ. ಆದರೆ ಮಿರಗಿನ ಮಳೆ ಬಾಗಿಲಿಗೆ ಬಂದಿತ್ತು. ಈಗ ಹೆಂಚು ತೆಗೆದರೆ ಮನೆಯೆಲ್ಲ ಸೋರುತ್ತದೆ, ಮೊದಲು ಕೆಳಗಿನದನ್ನು ಒಡೆದು ಅಡುಗೆಮನೆ ಮುಗಿಸು, ಮೇಲಿನದನ್ನು ದೀಪಾವಳಿ ಹೊತ್ತಿಗೆ ನೋಡೋಣ ಅಂತ ಅತ್ತೆ ಹೇಳಿದರು. ಆತ ಒಪ್ಪಿದ. ಗೂಡಿನ ನಡುವಿಗೆ ಅಡ್ಡ ಎರಡು ಮಾವಿನ ತೊಲೆ ತೂರಿಸಿ, ಅದರ ಕೆಳಗಿನ ಇಟ್ಟಂಗಿಯನ್ನೆಲ್ಲ ನಾಲ್ಕು ದಿನದಲ್ಲಿ ಒಡೆದು ಹೊತ್ತು ಹಾಕಿದ.

ನಾಲ್ಕನೆಯ ದಿನ ಆ ಧೂಳಿಗೆ ನನಗೆ ವಾಂತಿ ಶುರುವಾಯಿತು. ಧೂಳಿಗೆ ಅಲ್ಲ ಅಂತ ಅತ್ತೆಗೆ ನನಗಿಂತ ಮೊದಲು ಗೊತ್ತಾಯಿತು. ತಿಂಗಳು ಲೆಕ್ಕ ಹಾಕಿದರು, ನನ್ನ ಕೆನ್ನೆ ಸವರಿದರು, ಸೀದಾ ಅಡುಗೆಮನೆಗೆ ಹೋಗಿ ಕೆಲಸ ನಿಲ್ಲಿಸಿದರು. ನಮ್ಮ ಕಡೆ ಅದು ಕಟ್ಟುನಿಟ್ಟು: ಬಸುರಿ ಇರುವ ಮನೆಯಲ್ಲಿ ಹಾರೆ ಹಾಕಿ ಗೋಡೆ ಒಡೆಯುವಂತಿಲ್ಲ. ಒಡೆದರೆ ಹೊಟ್ಟೆಯಲ್ಲಿರುವುದಕ್ಕೆ ಕುತ್ತು. ಗೌಂಡಿಗೂ ಈ ನೇಮ ಗೊತ್ತಿದ್ದದ್ದೇ, ಅವರ ಮನೆಗಳಲ್ಲೂ ಪಾಲಿಸುತ್ತಾರಂತೆ. ಅವತ್ತೇ ಸಂಜೆ ಸಾಮಾನು ಕಟ್ಟಿಕೊಂಡು ಹೋದ. ನಾನು ಕೋಣೆಯಲ್ಲಿ ತಲೆ ಸುತ್ತಿ ಮಲಗಿದ್ದೆ, ಗಂಡ ಕಚೇರಿಯಿಂದ ಇನ್ನೂ ಬಂದಿರಲಿಲ್ಲ. ವಾರದಲ್ಲೇ ನನ್ನನ್ನು ಹಾವೇರಿಗೆ ಕಳಿಸಿದರು.

ಹೆರಿಗೆ ಸುಲಭದ್ದಾಗಲಿಲ್ಲ. ಹಾವೇರಿಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಇನ್ನೊಂದು ಹೆರಿಗೆಯಾದರೆ ತಾಯಿ ಉಳಿಯುವ ಭರವಸೆ ಇಲ್ಲ ಅಂತ ಡಾಕ್ಟರಮ್ಮ ಅಂದಳು. ನಾನೂ ಗಂಡನೂ ಮಾತಾಡಿಕೊಂಡೆವು. ಅದೇ ಸಲ ಆಪರೇಷನ್ ಮಾಡಿಸಿಕೊಂಡೆ. ನನ್ನ ತಾಯಿಗೆ ಗೊತ್ತಿತ್ತು. ಅತ್ತೆಗೆ ಹೇಳಲಿಲ್ಲ. ಮೊಮ್ಮಗಳ ಮುಖ ನೋಡಿ ಅಷ್ಟು ಸಂತೋಷಪಟ್ಟಿದ್ದಾರೆ, ಈಗ ಬೇಡ, ಬಾಣಂತನ ಮುಗಿಯಲಿ ಅಂದ ಗಂಡ. ಆಮೇಲೆ ವರ್ಷ ತುಂಬಲಿ ಅಂದ. ಆಮೇಲೆ ಇಬ್ಬರೂ ಸುಮ್ಮನಾದೆವು. ಅತ್ತೆಯೂ ಯಾವತ್ತೂ ಇನ್ನೊಂದು ಹಡಿ ಅಂತ ಬಾಯಿ ಬಿಟ್ಟು ಕೇಳಿದವರಲ್ಲ. ಹಾಗಾಗಿ ಹೇಳಬೇಕಾದ ಸಂದರ್ಭವೇ ಬರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಐದು ತಿಂಗಳ ಕೂಸು ಎತ್ತಿಕೊಂಡು ವಾಪಸು ಬಂದಾಗ ಅಡುಗೆಮನೆ ಗುರುತೇ ಸಿಗದಷ್ಟು ಬೆಳ್ಳಗಾಗಿತ್ತು. ಗ್ಯಾಸಿನ ಕಟ್ಟೆ, ಗೂಡಿದ್ದ ಕಡೆ ಸೂರಿಗೆ ಬಿಳಿ ಬಣ್ಣ ಬಳಿದ ಪ್ಲೈವುಡ್ಡಿನ ಹಲಗೆ. ಮೂಲೆಯಲ್ಲಿ ಮಾತ್ರ ಬೇವಿನ ಒಂದು ಕಂಬ, ಅದಕ್ಕೆ ವಿಭೂತಿ, ಕುಂಕುಮ, ಅಮಾವಾಸ್ಯೆಯ ಒಣಗಿದ ಹೂವು. ಏನಿದು ಅಂತ ಕೇಳಿದೆ. "ಅದರಾಗ ದೇವರ ಅದಾನ. ಅದನ್ನ ಯಾರೂ ಮುಟ್ಟಬ್ಯಾಡ್ರಿ," ಅಂದರು ಅತ್ತೆ.

ಅಷ್ಟೇ. ಯಾವ ದೇವರು, ನಮ್ಮ ಮನೆಗೆ ಯಾವಾಗ ಬಂದ, ಗ್ಯಾಸಿನ ಪಕ್ಕದಲ್ಲೇ ಯಾಕೆ ನಿಂತ, ಯಾವುದಕ್ಕೂ ಉತ್ತರವಿಲ್ಲ. ಆ ಕಂಬದ ಸುತ್ತ ಒಂದೊಂದೇ ನೇಮ ಹುಟ್ಟಿಕೊಂಡವು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹಾಗಿಲ್ಲ, ಪಡಸಾಲೆಗೆ ಹೋಗಬೇಕು. ಅಲ್ಲಿ ಖಾರ ಕುಟ್ಟುವ ಹಾಗಿಲ್ಲ. ಬಾಗಿಲು ದಢಾರನೆ ಹಾಕುವ ಹಾಗಿಲ್ಲ. ಮಗಳು ಅಂಬೆಗಾಲಿಟ್ಟು ಆ ಮೂಲೆಗೆ ಹೋದರೆ ಅತ್ತೆ ಎಲ್ಲಿದ್ದರೂ ಓಡಿ ಬಂದು ಎತ್ತಿಕೊಳ್ಳುತ್ತಿದ್ದರು. ತಾವು ಮಾತ್ರ ಗಂಟೆಗಟ್ಟಲೆ ಅಲ್ಲೇ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ದೇವರ ಪಕ್ಕದ ಜಾಗ ತಮಗೊಬ್ಬರಿಗೇ ಮೀಸಲು ಅಂತ ನಾನು ಗಂಡನ ಹತ್ತಿರ ಚುಚ್ಚಿ ಆಡುತ್ತಿದ್ದೆ.

ವರ್ಷಾ ವರ್ಷಾ ಮಳೆಯ ಮುಂಚೆ ಹೆಂಚು ಕೈಯಾಡಿಸಲು ಗೌಂಡಿ ಬರುತ್ತಿದ್ದ. ಕೆಲಸ ಮುಗಿಸಿ ನೀರು ಕುಡಿಯಲು ಅಡುಗೆಮನೆಯ ಬಾಗಿಲಿಗೆ ಬಂದವನು, ಒಳಗೆ ಬರಲೇನ್ರಿ ಅಂತ ಕೇಳಿ, ಕಂಬದ ಬುಡ ಮುಟ್ಟಿ, ತುದಿ ಮುಟ್ಟಿ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟು ಕೇಳಿ ಹೋಗುತ್ತಿದ್ದ. ಆಹಾ, ಈ ದೇವರಿಗೆ ಜಾತಿ ಇಲ್ಲ ನೋಡು ಅಂತ ನಾನು ನಕ್ಕಿದ್ದೇನೆ. ಆತ ಮೇಲೆ ಬಡಿದ ಬೆಣೆ ಸಡಿಲಾಗಿದೆಯೋ ಇಲ್ಲವೋ ಅಂತ ನೋಡುತ್ತಿದ್ದ. ಇದು ನನಗೆ ಗೊತ್ತಾಗಲು ಏಳು ವರ್ಷ ಬೇಕಾಯಿತು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು ಅಂತ ಕಾಣುತ್ತದೆ. ಮೇಲಿನ ಕೋಣೆಗೆ ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಅಲ್ಲಿ ಗೂಡಿನ ಮೇಲರ್ಧ ಸುಣ್ಣ ಬಳಿಸಿಕೊಂಡು ಗೋಡೆಯ ಹಾಗೆ ನಿಂತೇ ಇತ್ತು, ಅದಕ್ಕೆ ಮೊಳೆ ಹೊಡೆದು ಕ್ಯಾಲೆಂಡರನ್ನೂ ತೂಗುಹಾಕಿದ್ದೆ. ಕೆಳಗೆ ಗೂಡಿಲ್ಲ, ಮೇಲೆ ಗೂಡಿದೆ. ಹಾಗಾದರೆ ಮೇಲಿನದು ಯಾತರ ಮೇಲೆ ನಿಂತಿದೆ? ಎಂಟನೆಯ ತರಗತಿಯ ಹುಡುಗಿಯಾದರೂ ಕೇಳಬಹುದಾದ ಪ್ರಶ್ನೆ. ನಾನು ಕೇಳಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಅತ್ತೆ ತಮ್ಮ ತಂಗಿಯ ಮನೆಗೆ ಹಲಗೇರಿಗೆ ಹೋದರು. ಅದೇ ವಾರ ರಾಣೆಬೆನ್ನೂರಿನಿಂದ ಫ್ರಿಜ್ಜು ಬಂತು. ಇಡಲು ಇದ್ದದ್ದು ಅದೊಂದೇ ಮೂಲೆ. ಇಟ್ಟರೆ ಬಾಗಿಲು ಅರ್ಧವೇ ತೆರೆಯುತ್ತದೆ, ಕಂಬ ಅಡ್ಡ. ತಂದ ಇಬ್ಬರಿಗೆ ಕಂಬ ತೆಗೆಯಿರಿ ಅಂದೆ. ಕುಂಕುಮ ನೋಡಿ ಅವರು ಹಿಂದೆ ಸರಿದರು. "ಪೂಜಿ ಮಾಡಿದ್ದೈತ್ರಿ, ನಾವು ಮುಟ್ಟಂಗಿಲ್ಲ," ಅಂದರು. ನನಗೆ ನೆತ್ತಿಗೇರಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ಫ್ರಿಜ್ಜು ಹೊತ್ತು ತಂದವರ ಬಾಯಲ್ಲಿ ಬರುವ ಮಾತೇ ಇದು? ನಾನೇ ಸುತ್ತಿಗೆ ತಗೊಂಡೆ. ಗಂಡ ಹಾವೇರಿಗೆ ಕಚೇರಿಗೆ ಹೋಗಿದ್ದ. ಸ್ಟೂಲ್ ಹತ್ತಿ ಕಂಬದ ತುದಿಯಲ್ಲಿದ್ದ ಬೆಣೆಗೆ ಮೂರು ಏಟು ಹಾಕಿದೆ. ಮೂರನೆಯ ಏಟಿಗೆ ಅದು ಹಾರಿ ಹೋಯಿತು. ತಲೆಯ ಮೇಲೆ ಕಿರ್ ಅಂತ ಒಂದು ಸದ್ದಾಯಿತು, ಸ್ವಲ್ಪ ಧೂಳು ಉದುರಿತು. ಹಳೆಯ ಮನೆ, ಮೈ ಮುರಿಯುತ್ತದೆ ಅಂದುಕೊಂಡೆ. ಕಂಬವನ್ನು ನಾನೇ ಹಿತ್ತಲಿಗೆ ಎಳೆದು ಹಾಕಿದೆ.

"ನೋಡ್ರಿ, ಯಾವ ದೇವರರ ಬಂದನೇನು?" ಅಂತ ಅವರನ್ನೇ ಕೇಳಿದೆ. ಅವರು ಲಗೂ ಲಗೂ ಹೊರಟುಹೋದರು. ಸಂಜೆ ಬಂದ ಗಂಡ "ಅವ್ವಗ ಏನ್ ಹೇಳ್ತಿ?" ಅಂದ. ನಾನು ನೋಡಿಕೋತೇನಿ ಅಂದೆ. ಖಾಲಿಯಾದ ಜಾಗದಲ್ಲಿ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಇಷ್ಟು ವರ್ಷ ದೂರವಿಟ್ಟಿದ್ದ ಆ ಮೂಲೆಯಲ್ಲೇ ಮಗಳಿಗೆ ಮಣೆ ಹಾಕಿಕೊಟ್ಟೆ, ಇನ್ನು ಮೇಲೆ ಇಲ್ಲೇ ಓದು ಅಂದೆ. ಬೇಕಂತಲೇ ಹಾಗೆ ಮಾಡಿದೆ. ಅತ್ತೆ ಬಂದು ನೋಡಲಿ ಅಂತ.

ಹತ್ತು ದಿನ ಕಳೆಯಿತು. ಎರಡು ಸಲ ಅವಳ ನೋಟ್‌ಬುಕ್ಕಿನ ಮೇಲೆ ಕರೀ ಮಸಿ ಉದುರಿತು, ಒರೆಸಿ ಕೊಟ್ಟೆ. ಒಂದು ದಿನ ಅವಳು "ಅವ್ವಾ, ಮ್ಯಾಲ ಯಾರೋ ಹಲ್ಲ ಕಡೀತಾರ" ಅಂದಳು. ಇಲಿ ಇರಬೇಕು, ನೀನು ಮಗ್ಗಿ ಬರಿ ಅಂದೆ.

ಆ ಭಾನುವಾರ ಅಂಗಳಕ್ಕೆ ಬಂದ ಮೇಲೆ ಗೌಂಡಿ ಮತ್ತೆ ತಾನೊಬ್ಬನೇ ಒಳಗೆ ಹೋದ. ಗಂಡ ಗಡ್ಡ ಬೋಳಿಸುತ್ತಿದ್ದವನು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿ ಬಂದ. ಸ್ವಲ್ಪ ಹೊತ್ತಿಗೆ ಗೌಂಡಿ ನಮ್ಮಿಬ್ಬರನ್ನು ಹೊಸ್ತಿಲ ತನಕ ಕರೆದು, ಒಳಗೆ ಕಾಲಿಡಬೇಡಿ ಅಂದು, ಪ್ಲೈವುಡ್ಡಿನ ಒಂದು ಪಟ್ಟಿಯನ್ನು ಉಳಿಯಿಂದ ಎಬ್ಬಿಸಿದ. ಮಸಿ ಸುರಿಯಿತು. ಅದರ ಹಿಂದೆ ಎರಡು ತೊಲೆ ಕಂಡವು. ಒಂದು ಬಾಗಿತ್ತು. ಇನ್ನೊಂದು ನಡುವಿಗೆ ಸೀಳಿತ್ತು, ಆ ಸೀಳಿನಲ್ಲಿ ಕಟ್ಟಿಗೆ ಇನ್ನೂ ಹಸನಾಗಿ, ಹಳದಿಯಾಗಿ ಕಾಣುತ್ತಿತ್ತು. ಹೊಸ ಗಾಯ. ಅದರ ಮೇಲೆ ಕಪ್ಪಿಟ್ಟ ಇಟ್ಟಂಗಿ, ಸಾಲಿನ ಮೇಲೆ ಸಾಲು, ಕತ್ತಲೆಯೊಳಕ್ಕೆ ಹೋಗಿದ್ದವು. ಸರಿಯಾಗಿ ಕೆಳಗೆ ಮಗಳ ಮಣೆ ಇತ್ತು, ಮಣೆಯ ಮೇಲೆ ತೆರೆದಿಟ್ಟ ನೋಟ್‌ಬುಕ್ಕು.

"ಎಷ್ಟು ಭಾರ ಇರಬಹುದು?" ಅಂತ ಕೇಳಿದೆ.

"ಒಂದೊಂದ ಸಾಲಿಗೆ ಹದಿನಾಕ ಇಟ್ಟಂಗಿ ಅದಾವ್ರಿ. ಸಾಲು ಒಂದ ಎಪ್ಪತ್ತೈದು ಆಗ್ತಾವ," ಅಂದ.

ಉಳಿದದ್ದನ್ನು ಬಾಯಿಲೆಕ್ಕದಲ್ಲಿ ಮಾಡಿದೆ. ಸಾವಿರದ ಐವತ್ತು ಇಟ್ಟಂಗಿ. ಹಳೆಯ ಕಾಲದ್ದು, ಒಂದೊಂದು ಮೂರು ಕಿಲೋ. ಮೂರು ಟನ್ನಿನ ಮೇಲಾಯಿತು. ಮೆಣಸಿನಕಾಯಿಯ ಲೆಕ್ಕದಲ್ಲಿ ಹೇಳುವುದಾದರೆ ಎಪ್ಪತ್ತಕ್ಕೂ ಹೆಚ್ಚು ಚೀಲ, ಒಂದರ ಮೇಲೊಂದು, ಮುರಿದ ತೊಲೆಯ ಮೇಲೆ. ಅದರ ಕೆಳಗೆ ಹತ್ತು ದಿನ ನನ್ನ ಮಗಳನ್ನು ನಾನೇ ಕೈಹಿಡಿದು ಕೂರಿಸಿದ್ದೆ. ನನಗೆ ಅಳು ಬರಲಿಲ್ಲ. ಗೋಡೆ ಹಿಡಿದುಕೊಳ್ಳಲು ಹೋಗಿ, ಮುಟ್ಟಬಾರದು ಅಂತ ನೆನಪಾಗಿ ಕೈ ಹಿಂದಕ್ಕೆ ತಗೊಂಡೆ.

ಗೌಂಡಿ ಪಕ್ಕದ ಓಣಿಗೆ ಓಡಿದ. ಅಲ್ಲಿ ಸ್ಲ್ಯಾಬಿನ ಕೆಲಸದಲ್ಲಿದ್ದ ತನ್ನ ಅಣ್ಣನನ್ನು ಕರೆತಂದ, ಜೊತೆಗೆ ಸ್ಲ್ಯಾಬಿಗೆ ಕೊಡುವ ಕಬ್ಬಿಣದ ಆಸರೆ ಕಂಬಗಳನ್ನು ತಂದ. ಇಬ್ಬರೂ ತಮ್ಮತಮ್ಮಲ್ಲಿ ಉರ್ದುವಿನಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತ ಮೊದಲ ಕಂಬವನ್ನು ಒಳಗೆ ಒಯ್ದರು. ಗಂಡ ಹಲಗೇರಿಗೆ ಫೋನ್ ಮಾಡಲು ಎದುರು ಮನೆಗೆ ಹೋದ. ನಾನು ಅಂಗಳದಲ್ಲಿ ನಿಂತು ಹೆಂಚಿನಾಚೆ ಕಾಣುವ ಗೂಡಿನ ತುದಿಯನ್ನೇ ನೋಡುತ್ತಿದ್ದೆ. ಅದು ಪೂರ್ವಕ್ಕೆ ವಾಲಿದಂತೆ ಕಾಣುತ್ತಿತ್ತು. ಮೊದಲೂ ಹಾಗೇ ಇತ್ತೇ? ನೆನಪಾಗಲಿಲ್ಲ.

ಆಗ ಒಳಗಿನಿಂದ ಗೌಂಡಿಯ ದನಿ ಕೇಳಿತು: "ಅಲ್ಲೇ ನಿಂದ್ರವಾ. ಅಳ್ಳಾಡಬ್ಯಾಡ."

ಪಕ್ಕಕ್ಕೆ ನೋಡಿದರೆ ಮಗಳು ಇಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿದ್ದಳು. ನೋಟ್‌ಬುಕ್ಕು ತರಲು. ನಾನು ಹೊಸ್ತಿಲಿಗೆ ಬರುವಷ್ಟರಲ್ಲಿ ಅವಳು ಸರಿಯಾಗಿ ತೊಲೆಯ ಕೆಳಗೆ ನಿಂತಿದ್ದಳು, ಪುಸ್ತಕ ಎದೆಗೆ ಅವಚಿಕೊಂಡು. ಗೌಂಡಿಯೂ ಅವನ ಅಣ್ಣನೂ ಕಂಬವನ್ನು ಅರ್ಧ ಎತ್ತಿ ಹಿಡಿದಿದ್ದರು. ಇಳಿಸುವಂತಿಲ್ಲ, ಏರಿಸುವಂತಿಲ್ಲ. ತಲೆಯ ಮೇಲೆ ಅದೇ ಸದ್ದು, ಹಲ್ಲು ಕಡಿದ ಹಾಗೆ. ಅವಳ ಕೂದಲಿನ ಮೇಲೆ ಮಸಿ ಬೀಳುತ್ತಿತ್ತು. ನಾನು ಕೈ ಚಾಚಿದೆ. ಅವಳು ನನ್ನ ಮುಖ ನೋಡಿದಳು, ಏನೋ ತಿಳಿದವಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಆರು ಹೆಜ್ಜೆ. ಕೈಗೆ ಸಿಕ್ಕ ಕೂಡಲೇ ಅವಳನ್ನು ಎಳೆದುಕೊಂಡು ಅಂಗಳಕ್ಕೆ ಓಡಿದೆ, ಅವಳ ಬೆನ್ನಿಗೆ ಫಟಾರಂತ ಒಂದು ಏಟು ಹಾಕಿದೆ, ಆಮೇಲೆ ನೆಲಕ್ಕೆ ಕುಸಿದು ಕೂತು ಅವಳಿಗಿಂತ ಜೋರಾಗಿ ಅತ್ತೆ. ಎದುರು ಮನೆಯಾಕೆ ಬಂದು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಹನ್ನೊಂದರ ಹೊತ್ತಿಗೆ ಒಳಗೆ ನಾಲ್ಕು ಕಬ್ಬಿಣದ ಕಂಬ ನಿಂತವು. ಗೌಂಡಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಮುಖ ಒರೆಸಿಕೊಂಡ. ಗಂಡ ಅಷ್ಟರಲ್ಲಿ ಅತ್ತೆಯನ್ನು ಕರೆತರಲು ಬೈಕಿನಲ್ಲಿ ಹಲಗೇರಿಗೆ ಹೋಗಿಯಾಗಿತ್ತು.

"ಇನ್ನ ಒಡದ ಬಿಡ್ರಿ. ಈಗಿಂದೀಗ ಒಡೀರಿ," ಅಂದೆ.

"ಅಮ್ಮಾರು ಬರ್ಲಿ," ಅಂದ.

"ಅವರ್ಯಾಕ ಬರಬೇಕು? ನಾ ಹೇಳಾಕತ್ತೇನಿ."

ಆತ ತಲೆ ಎತ್ತಲಿಲ್ಲ. "ತಪ್ಪು ನಂದೂ ಐತ್ರಿ ಅಕ್ಕಾರ. ಕೆಳಗಿಂದ ಒಡಿಯೂ ಕೆಲಸ ಯಾ ಗೌಂಡೀನೂ ಮಾಡಬಾರದು. ನಾಕ ತಿಂಗಳ ಮಾತಂತ ಮಾಡಿದೆ. ಆವತ್ತ ಕಂಬ ಕೊಟ್ಟು ಹೋಗೂ ಮುಂದ ಅಮ್ಮಾರು ನನ್ನ ಕಡೆ ಮಾತ ತಗೊಂಡಾರ. ಅವರು ಹೂಂ ಅನ್ನೂಮಟಾ ಆ ಗ್ವಾಡಿಗೆ ಹಾರಿ ಹಚ್ಚಂಗಿಲ್ಲಂತ. ವರ್ಷಾ ಬಂದಾಗ ಕೇಳ್ತಿದ್ದೆ, ಈ ಸಲ ಇಳಸೂಣೇನ್ರಿ ಅಂತ. ವರ್ಷಾ ಅದ ಮಾತು. ಈ ಸಲ ಬ್ಯಾಡಪಾ, ಮನ್ಯಾಗ ಏನರ ಇದ್ದೀತು ಅಂತಿದ್ರು."

"ಏನರ ಅಂದ್ರ?"

ಆತ ನಾಚಿ ಮುಖ ಆ ಕಡೆ ತಿರುಗಿಸಿದ. ನನಗೆ ಅರ್ಥವಾಯಿತು. ಅರ್ಥವಾದದ್ದು ತೊಲೆಯನ್ನು ನೋಡಿದಾಗಿನದಕ್ಕಿಂತ ಬೇರೆ ತರಹದ ಆಘಾತ.

ಏಳು ವರ್ಷ. ನಾನು ಕಂಬವನ್ನು ಮೂಢನಂಬಿಕೆ ಅಂದುಕೊಂಡಿದ್ದೆ. ಅತ್ತೆಗೆ ಅದು ಏನು ಅಂತ ಸರಿಯಾಗಿಯೇ ಗೊತ್ತಿತ್ತು. ಭಾರ ಇದೆ, ಮುಟ್ಟಬೇಡಿ ಅಂದಿದ್ದರೆ ನಾನು ಆ ದಿನವೇ ಒಡೆಸಿ ಅಂತ ಹಟ ಹಿಡಿಯುತ್ತಿದ್ದೆ. ಅದನ್ನು ತಡೆಯಲು, ಆದರೆ ಕಂಬವನ್ನು ಯಾರೂ ಮುಟ್ಟದಿರಲು, ಅವರು ಅದಕ್ಕೆ ಕುಂಕುಮ ಹಚ್ಚಿದ್ದರು. ರೊಟ್ಟಿ ಬಡಿಯಬಾರದು, ಖಾರ ಕುಟ್ಟಬಾರದು, ಬಾಗಿಲು ದಢಾರನ್ನಬಾರದು: ಒಂದೊಂದು ನೇಮಕ್ಕೂ ಈಗ ಕಾರಣ ಸಿಕ್ಕಿತು. ತಾವು ಅಲ್ಲಿ ಕೂತದ್ದು ಬೇರೆ ಯಾರೂ ಅಲ್ಲಿ ಕೂರಬಾರದೆಂದು. ಇಷ್ಟೆಲ್ಲ ಯಾಕೆ? ನಾನು ಯಾವ ತಿಂಗಳಲ್ಲಾದರೂ ಮತ್ತೆ ಬಸುರಿಯಾಗಿರಬಹುದು, ಹಾರೆ ಹಾಕಿದ ದಿನ ನನ್ನ ಹೊಟ್ಟೆಯಲ್ಲಿ ಏನಾದರೂ ಇದ್ದೀತು ಎಂಬ ಆಸೆಗೆ. ಬಾಯಿ ಬಿಟ್ಟು ಒಂದು ಸಲವೂ ಕೇಳದೆ ಆ ಹೆಂಗಸು ತಿಂಗಳು ತಿಂಗಳು ಕಾದಿದ್ದರು. ಆಗುವುದಿಲ್ಲ ಅಂತ ಗೊತ್ತಿದ್ದ ನಾವಿಬ್ಬರೂ ಎದುರಿಗೇ ಓಡಾಡಿಕೊಂಡಿದ್ದೆವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಅನ್ನುತ್ತಾರಲ್ಲ, ಹಾಗೆ. ಒಂದು ಮಾತಿನಲ್ಲಿ ಹೋಗುತ್ತಿದ್ದದ್ದು.

ಪಡುವಲಲ್ಲಿ ಮೋಡ ಏಳುತ್ತಿತ್ತು. ಗಾಳಿ ಬಂದರೆ ಏನಾಗುತ್ತದೆ ಅಂತ ಕೇಳಿದೆ. "ಕೆಳಗಿನ ಕಂಬ ತಡೀತಾವ್ರಿ. ಮ್ಯಾಲಿಂದ ವಾಲಿತಂದ್ರ ಹೇಳಾಕ ಬರಂಗಿಲ್ಲ," ಅಂದ. ಗೂಡು ವಾಲಿದ್ದು ಎದುರು ಮನೆಯ ಕಡೆಗೇ. ಮಗಳು ಅಲ್ಲೇ ಇದ್ದಳು. ಅವಳನ್ನೂ ಆ ಮನೆಯವರನ್ನೂ ಎಬ್ಬಿಸಿ ಮೂಲೆಯ ಮನೆಗೆ ಕಳಿಸಿದೆವು. ಯಾವ ಬೈಕಿನ ಸದ್ದು ಬಂದರೂ ಓಣಿಯ ತುದಿಗೆ ಹೋಗಿ ನೋಡುತ್ತಿದ್ದೆ. ಗೌಂಡಿಯ ಅಣ್ಣ ಏಣಿಯನ್ನು ಗೋಡೆಗೆ ಒರಗಿಸಿ, ಹಗ್ಗ ಬಿಗಿದು, ಸುಮ್ಮನೆ ಕಾದಿದ್ದ.

ಒಂದೂವರೆಗೆ ಅತ್ತೆ ಬಂದು ಇಳಿದರು. ಸೆರಗೆಲ್ಲ ಧೂಳು. ಮೊದಲು ಕೇಳಿದ್ದು, "ಕೂಸು ಎಲ್ಲೈತಿ?"

"ಮೂಲಿಮನ್ಯಾಗ ಐತ್ರಿ. ಏನೂ ಆಗಿಲ್ಲ."

ಕಣ್ಣು ಮುಚ್ಚಿ ತೆಗೆದರು. ಬೈಗಳಿಗೆ ನಾನು ತಯಾರಾಗಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪಾತ್ರಿ ಅತ್ತಿ, ಕಂಬ ನಾನ ಕಿತ್ತೇನಿ ಅನ್ನಲು ಬಾಯಿ ತೆಗೆದೆ. ಅವರು ಕೇಳಿಸಿಕೊಳ್ಳದೆ ನನ್ನ ಮಣಿಕಟ್ಟು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಒಲೆ ಒಡೆದ ಮೇಲೆ ಬಚ್ಚಲಿನಿಂದ ಅಲ್ಲಿಗೆ ಬಂದಿದ್ದ ಹಂಡೆಯ ಪಕ್ಕ ನಿಂತು, ಯಾರಿಗೂ ಕೇಳಬಾರದೆಂದು ನನ್ನ ಕಿವಿಯ ಹತ್ತಿರ ಬಂದರು.

"ಖರೇ ಹೇಳು. ಈ ತಿಂಗಳ ಮುಟ್ಟಾಗೀಯೇನು? ಏನರ ಇದ್ದಂಗ ಅನಸಿದ್ರ ಈಗ ಹೇಳಿಬಿಡು. ಇದ್ರ ಹಾರಿ ಹಚ್ಚೂದು ಬ್ಯಾಡ. ಮನಿ ಬಿಟ್ಟು ಎಲ್ಲೆರ ಬಾಡಿಗಿ ಹಿಡದು ಇರೂಣು. ಬಿದ್ರ ಬೀಳವಲ್ದ್ಯಾಕ."

ಅವರ ಅತ್ತೆಮಾವ ಬಾಳಿದ ಮನೆ, ಅವರ ಗಂಡ ಸತ್ತ ಮನೆ. ಅದು ಬಿದ್ದರೆ ಬೀಳಲಿ ಅನ್ನುತ್ತಿದ್ದರು. ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲೇ ಇತ್ತು. ಆ ಮುಖದಲ್ಲಿದ್ದದ್ದು ಹೆದರಿಕೆಯಲ್ಲ. ಒಂದಿಷ್ಟು ಆಸೆ ಇತ್ತು. ಅಂಥ ಹೊತ್ತಿನಲ್ಲೂ ಇತ್ತು.

"ಇಲ್ರಿ," ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. "ಇನ್ನ ಆಗೂದೂ ಇಲ್ರಿ. ಕೂಸು ಹುಟ್ಟಿದಾಗನ ಹಾವೇರ್ಯಾಗ ಆಪರೇಷನ್ ಮಾಡಿಸಿಕೊಂಡೇನಿ. ಇನ್ನೊಂದ ಆದ್ರ ನಾ ಉಳ್ಯಾಂಗಿಲ್ಲ ಅಂದಿದ್ರು. ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

ಅತ್ತೆ ನನ್ನ ಕೈ ಬಿಟ್ಟರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಅಂಗಳದ ಕಡೆಯಿಂದ ಗೌಂಡಿ ಕೆಮ್ಮಿದ್ದು ಕೇಳಿಸಿತು. ಗಾಳಿ ಬೀಸತೊಡಗಿತ್ತು.

"ಆವತ್ತ ಹೇಳಿದ್ರ ಆವತ್ತ ಒಡಸ್ತಿದ್ನೆಲ್ಲವಾ," ಅಂದರು. ಸಿಟ್ಟು ಇರಲಿಲ್ಲ. "ನೀ ಉಳದಿದ್ದ ದೊಡ್ಡದು. ನಾ ಏನ್ ಬ್ಯಾಡ ಅಂತಿದ್ನೇನು?"

ಎದ್ದು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅಂಗಳಕ್ಕೆ ನಡೆದರು. ಗೌಂಡಿ ಎದ್ದು ನಿಂತದ್ದು ಹಿತ್ತಲ ಬಾಗಿಲಿನಿಂದ ಕಂಡಿತು.

"ಏಣಿ ಹತ್ರಪಾ. ಮ್ಯಾಲಿಂದ ಇಳಸ್ರಿ," ಅಂದರು. "ಇನ್ನ ಕಾಯೂದು ಏನೂ ಇಲ್ಲ."

ಆತ ಏಣಿ ಹತ್ತಿದ. ಮೊದಲ ಇಟ್ಟಂಗಿ ಕಿತ್ತ ಸದ್ದು ಹಿತ್ತಲಿಗೂ ಕೇಳಿತು. ನಾನು ಹಂಡೆಯ ಪಕ್ಕದಲ್ಲೇ ನಿಂತಿದ್ದೆ. ಅಂಗಳಕ್ಕೆ ಹೋಗಿ ಅತ್ತೆಯ ಪಕ್ಕ ನಿಲ್ಲಬೇಕು ಅಂತ ಎಷ್ಟು ಅನ್ನಿಸಿದರೂ ಕಾಲು ಏಳಲಿಲ್ಲ.